ಬಾಗಿಲು ಜೋತು ಬಿದ್ರೆ ಬೀಗ ಇದ್ದೂ ಇಲ್ಲ: ತೋಟದ ಶೆಡ್ಡಿಗೆ ನಾವೇ ಮಾಡ್ಕೊಳ್ಳೋ ಕಬ್ಬಿಣದ ಬಾಗಿಲು

ನಮ್ಮ ತೋಟದ ಶೆಡ್ಡಿಗೆ ಮೊದಲು ಹಾಕಿದ್ದ ಕಬ್ಬಿಣದ ಬಾಗಿಲು ನೋಡಿದವರೆಲ್ಲ "ಆನೆ ಬಂದ್ರೂ ಅಲ್ಲಾಡಲ್ಲ ಬಿಡು" ಅಂದಿದ್ದರು. ಆನೆ ಏನೂ ಬರಲಿಲ್ಲ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು ತನ್ನ ಭಾರಕ್ಕೆ ತಾನೇ ಜೋತು ಬಿತ್ತು. ಕದದ ತುದಿ ನೆಲಕ್ಕೆ ಉಜ್ಜುತ್ತಿತ್ತು. ಚಿಲಕದ ತೂತು ಒಂದು ಕಡೆ, ಬೀಗ ಹಾಕೋ ಕೊಂಡಿ ಇನ್ನೊಂದು ಕಡೆ. ಅಪ್ಪ ದಿನಾ ಸಂಜೆ ಹಾರೆ ಕೊಟ್ಟು ಕದ ಎತ್ತಿ, ಭುಜ ಕೊಟ್ಟು ಒತ್ತಿ ಬೀಗ ಹಾಕಬೇಕಿತ್ತು. ಒಂದು ದಿನ ಬೆನ್ನು ನೋವು ಅಂತ ಬರೀ ತಂತಿ ಸುತ್ತಿ ಮನೆಗೆ ಬಂದರು. ಬೆಳಿಗ್ಗೆ ಹೋಗಿ ನೋಡಿದರೆ ಬ್ರಷ್ ಕಟರ್ ಇಲ್ಲ, ಮೋಟಾರಿನ ತಾಮ್ರದ ಕೇಬಲ್ ಸುರುಳಿಯೂ ಇಲ್ಲ.

ಅಪ್ಪ ಬೈಯಲಿಲ್ಲ. "ಇಷ್ಟು ದಪ್ಪ ಕಬ್ಬಿಣ ಹಾಕಿದ್ಯಲ್ಲೋ, ಆದ್ರೂ ಯಾಕಿಂಗಾಯ್ತು?" ಅಂತ ಮಾತ್ರ ಕೇಳಿದರು. ಉತ್ತರ ಹುಡುಕೋಕೆ ಸ್ವಲ್ಪ ದಿನ ಬೇಕಾಯ್ತು. ಸಿಕ್ಕಿದ್ದು ಇಷ್ಟೇ: ದಪ್ಪ ಕಬ್ಬಿಣ ಹಾಕಿದ್ದರಿಂದಲೇ ಹಾಗಾಯ್ತು. ಬಾಗಿಲು ನಿಲ್ಲೋದು ತೂಕದ ಮೇಲಲ್ಲ, ಅಳತೆ ಮೇಲೆ.

ಎರಡನೇ ಬಾಗಿಲನ್ನು ನಾನೇ ಅಳತೆ ಹಾಕಿ, ಕತ್ತರಿಸಿ, ವೆಲ್ಡ್ ಮಾಡಿ ಕೂರಿಸಿದೆ. ನಾಲ್ಕು ಮಳೆಗಾಲ ಆಯ್ತು, ಇವತ್ತಿಗೂ ಒಂದು ಬೆರಳಲ್ಲಿ ತಳ್ಳಿದರೆ ಮುಚ್ಚುತ್ತೆ. ಈ ವಾರ ಅದನ್ನೇ ಹಂತ ಹಂತವಾಗಿ ಹೇಳ್ತೀನಿ. ವೆಲ್ಡಿಂಗ್ ಬರದಿದ್ದರೂ ಓದಿ. ಕೆಲಸ ವೆಲ್ಡಿಂಗ್ ಶಾಪಿನವರು ಮಾಡಲಿ, ಅಳತೆ ಮತ್ತು ಪರೀಕ್ಷೆ ನಿಮ್ಮ ಕೈಯಲ್ಲಿರಲಿ.

ಮೊದಲನೇ ಬಾಗಿಲು ಯಾಕೆ ಬಿತ್ತು?

ಒಂದು ಸಣ್ಣ ಲೆಕ್ಕ ನೋಡಿ. ಕದ ಯಾವಾಗಲೂ ತನ್ನ ಮೇಲಿನ ಹಿಂಜಸ್‌ನ ಗೋಡೆಯಿಂದ ಕೀಳೋಕೆ ನೋಡ್ತಿರುತ್ತೆ. ಆ ಎಳೆತ ಎಷ್ಟು ಅಂದರೆ:

ಕದದ ತೂಕ × ಅಗಲದ ಅರ್ಧ ÷ ಮೇಲಿನ ಮತ್ತು ಕೆಳಗಿನ ಹಿಂಜಸ್ ನಡುವಿನ ಅಂತರ

ಮೊದಲ ಬಾಗಿಲಿಗೆ ನಾನು 50×50×6 ಆಂಗಲ್ ಮತ್ತು 3 ಮಿ.ಮೀ. ತಗಡು ಹಾಕಿಸಿದ್ದೆ. ಒಂದೊಂದು ಕದ ಹತ್ತಿರ ಹತ್ತಿರ 100 ಕೆಜಿ. ಅಗಲ ಸುಮಾರು 1.2 ಮೀಟರ್, ಅಂದರೆ ಅರ್ಧ 0.6. ಹಿಂಜಸ್ ನಡುವೆ ಇದ್ದ ಅಂತರವೂ 1.2 ಮೀಟರ್. ಲೆಕ್ಕ ಹಾಕಿದರೆ ಮೇಲಿನ ಹಿಂಜಸ್ ಮೇಲೆ 50 ಕೆಜಿ ಅಡ್ಡ ಎಳೆತ. ಒಂದು ಮೂಟೆ ಸಿಮೆಂಟನ್ನು ಹಗಲು ರಾತ್ರಿ ನೇತುಹಾಕಿ ಎಳೆದ ಹಾಗೆ.

ಈಗಿನ ಕದ ಸುಮಾರು 50 ಕೆಜಿ, ಹಿಂಜಸ್ ನಡುವೆ 1.7 ಮೀಟರ್. ಎಳೆತ 18 ಕೆಜಿಗಿಂತ ಕಡಿಮೆ. ಮೂರರಲ್ಲಿ ಒಂದು ಭಾಗಕ್ಕೆ ಇಳೀತು. ಅದೇ ಗೋಡೆ, ಅದೇ ಅಗಲ. ತೂಕ ಇಳಿಸಿದೆ, ಹಿಂಜಸ್ ದೂರ ದೂರ ಇಟ್ಟೆ, ಅಷ್ಟೇ.

ಕಳ್ಳ 3 ಮಿ.ಮೀ. ತಗಡು ಕೊಯ್ದು ಒಳಗೆ ಬರೋದು ಅಪರೂಪ. ಅವನು ನೋಡೋದು ಸರಿಯಾಗಿ ಕೂರದ ಚಿಲಕ, ಹೊರಗೆ ಕಾಣೋ ನಟ್ಟು, ಎತ್ತಿದರೆ ಕಳಚೋ ಹಿಂಜಸ್. ಅದಕ್ಕೆ ದುಡ್ಡನ್ನು ತಗಡಿಗೆ ಹಾಕೋ ಬದಲು ಅಲ್ಲಿಗೆ ಹಾಕಿ.

ಸಾಮಾನು ಏನೇನು ಬೇಕು?

ನಮ್ಮ ಬಾಗಿಲಿನ ಜಾಗ 2400 ಮಿ.ಮೀ. ಅಗಲ, 2100 ಮಿ.ಮೀ. ಎತ್ತರ. ಹೆಚ್ಚು ಕಡಿಮೆ 8 ಅಡಿಗೆ 7 ಅಡಿ. ಪವರ್ ಟಿಲ್ಲರ್ ಆರಾಮಾಗಿ ಒಳಗೆ ಹೋಗುತ್ತೆ. ಎರಡು ಕದ, ಹೊರಗಡೆ ತೆರೆಯೋ ಹಾಗೆ. ನೀವು ಅಳತೆ ಮಾತ್ರ ಮಿಲಿಮೀಟರ್‌ನಲ್ಲೇ ಹಿಡೀರಿ. ಅಡಿ ಇಂಚಲ್ಲಿ "ಒಂದು ನೂಲು ಹೆಚ್ಚು, ಒಂದು ನೂಲು ಕಮ್ಮಿ" ಅಂತ ಹೋದರೆ ಕೊನೆಗೆ ಕದ ಕೂರಲ್ಲ.

ಚೌಕಟ್ಟಿಗೆ: 50×50×5 ಆಂಗಲ್. ಒಂದು ಪೂರ್ತಿ 6 ಮೀಟರ್ ಉದ್ದ, ಜೊತೆಗೆ ಎರಡೂವರೆ ಮೀಟರ್ ತುಂಡು. ಸುಮಾರು 32 ಕೆಜಿ.

ಕದಗಳಿಗೆ: 40×40 ಚೌಕ ಪೈಪ್, 2 ಮಿ.ಮೀ. ದಪ್ಪ, 6 ಮೀಟರಿನದು 4. ಒಂದಕ್ಕೆ ಸುಮಾರು 14 ಕೆಜಿ, ಒಟ್ಟು 56.

ತಗಡು: 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. 8 ಅಡಿ × 4 ಅಡಿ ಶೀಟು 2. ಒಂದಕ್ಕೆ 28 ಕೆಜಿ, ಒಟ್ಟು 56.

ಇವು ಮೂರೂ ಸೇರಿ ಸುಮಾರು 145 ಕೆಜಿ. ಆವತ್ತಿನ ಕೆಜಿ ರೇಟಿನಿಂದ ಗುಣಿಸಿದರೆ ನಿಮ್ಮೂರಿನ ಖರ್ಚು ಗೊತ್ತಾಗುತ್ತೆ. ಬಿಲ್ಲಿನ ತೂಕ ಇದಕ್ಕಿಂತ ತುಂಬಾ ಹೆಚ್ಚು ಕಮ್ಮಿ ಬಂದರೆ ದಪ್ಪ ಬೇರೆ ಕೊಟ್ಟಿದ್ದಾರೆ ಅಂತ ಅರ್ಥ. ಪೈಪಿನ ಬಾಯಿ ನೋಡಿ ದಪ್ಪ ಅಳೆದು ತಗೊಳ್ಳಿ.

ಇದರ ಜೊತೆಗೆ ಬುಲೆಟ್ ಹಿಂಜಸ್ 6, ಮಧ್ಯದ ಸಂದು ಮುಚ್ಚೋಕೆ 50×5 ಪಟ್ಟಿ ಸುಮಾರು 2.1 ಮೀಟರ್, ಆಲ್‌ಡ್ರಾಪ್ 1, ಒಳಗಿನ ಟವರ್ ಬೋಲ್ಟ್ 2, ಗೋಡೆಗೆ ಹೋಲ್ಡ್‌ಫಾಸ್ಟ್ 6, 6013 ವೆಲ್ಡಿಂಗ್ ರಾಡು 2.5 ಮಿ.ಮೀ. ದಪ್ಪದ್ದು ಒಂದು ಪ್ಯಾಕೆಟ್, ರೆಡ್ ಆಕ್ಸೈಡ್ ಪ್ರೈಮರ್, ಎನಾಮೆಲ್ ಪೇಂಟ್.

ಹಂತ 1: ಚೌಕಟ್ಟು

ಗೋಡೆ ನೇರ ಇದೆ ಅಂತ ನಂಬಬೇಡಿ. ತೂಗುಗುಂಡು ಬಿಟ್ಟು ನೋಡಿ, ಆಮೇಲೆ ಮಾತಾಡಿ. ಚೌಕಟ್ಟಿನ ಎರಡು ಕಂಬ, ಮೇಲೊಂದು ಅಡ್ಡ. ಗಾಡಿ ಒಳಗೆ ಬರಬೇಕಾದ್ದರಿಂದ ಕೆಳಗೆ ಹೊಸ್ತಿಲು ಇಲ್ಲ. ಕಂಬಗಳನ್ನು 150 ಮಿ.ಮೀ. ನೆಲದೊಳಗೆ ಇಳಿಸಿ. ಹೊಸ್ತಿಲು ಇಲ್ಲದ ಚೌಕಟ್ಟು ಕೆಳಗಡೆ ಅಗಲವಾಗೋದು, ಮುದುರೋದು ಸಹಜ. ಅದಕ್ಕೆ ಕೂರಿಸೋವರೆಗೂ ಕೆಳಗೆ ಒಂದು ಪೈಪು ಅಡ್ಡ ಇಟ್ಟು ಟ್ಯಾಕ್ ಮಾಡಿರಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕೊಯ್ದು ತೆಗೀರಿ.

ಮೂಲೆಯಿಂದ ಮೂಲೆಗೆ ಅಳೆಯಿರಿ. 2400 ಅಗಲ, 2100 ಎತ್ತರ ಇದ್ದರೆ ಎರಡೂ ಕರ್ಣ 3189 ಮಿ.ಮೀ. ಬರಬೇಕು. ಒಂದು 3200, ಇನ್ನೊಂದು 3178 ಬಂದರೆ ಚೌಕಟ್ಟು ವಾರೆ ಆಗಿದೆ. ಉದ್ದ ಬಂದ ಕರ್ಣದ ಮೂಲೆಗಳನ್ನು ಒಳಗೆ ತಳ್ಳಿ ಸರಿ ಮಾಡಿ. 2 ಮಿ.ಮೀ. ವ್ಯತ್ಯಾಸದವರೆಗೆ ಪರವಾಗಿಲ್ಲ.

ಒಂದೊಂದು ಕಂಬಕ್ಕೆ 3 ಹೋಲ್ಡ್‌ಫಾಸ್ಟ್. ಹಿಂಜಸ್ ಬರೋ ಎತ್ತರಕ್ಕೆ ಹತ್ತಿರದಲ್ಲೇ ಅವೂ ಇರಲಿ, ಎಳೆತ ಬೀಳೋದು ಅಲ್ಲೇ. 1:2:4 ಕಾಂಕ್ರೀಟ್ ತುಂಬಿ ಒಂದು ವಾರ ನೀರು ಹಾಕಿ. ಮೊದಲ ಸಲ ನಾನು ಎರಡನೇ ದಿನಕ್ಕೇ ಕದ ನೇತುಹಾಕಿಸಿದ್ದೆ. ಹಸಿ ಕಾಂಕ್ರೀಟಿನಲ್ಲಿ ಹೋಲ್ಡ್‌ಫಾಸ್ಟ್ ಸಡಿಲ ಆಗಿತ್ತು ಅಂತ ಆಮೇಲೆ ಒಡೆದಾಗ ಗೊತ್ತಾಯ್ತು.

ಹಂತ 2: ಕತ್ತರಿಸೋದು

ಕದದ ಅಗಲ ಹೀಗೆ ಬರುತ್ತೆ: 2400ರಲ್ಲಿ ಹಿಂಜಸ್ ಕಡೆ 5 ಮತ್ತು 5, ನಡುವೆ 6 ಕಳೆದರೆ 2384. ಅರ್ಧ ಮಾಡಿದರೆ 1192 ಮಿ.ಮೀ. ಎತ್ತರ: 2100ರಲ್ಲಿ ಮೇಲೆ 5, ಕೆಳಗೆ 20 ಕಳೆದರೆ 2075. ಕೆಳಗೆ 20 ಬಿಡೋದು ಸಗಣಿ, ಮಣ್ಣು ಸಿಕ್ಕಿಕೊಳ್ಳದಿರಲಿ ಅಂತ. ಚೌಕಟ್ಟು ಕೂರಿಸಿದ ಮೇಲೆ ಇನ್ನೊಮ್ಮೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಅಳೆದು, ಕಮ್ಮಿ ಬಂದದ್ದನ್ನು ಲೆಕ್ಕಕ್ಕೆ ಹಿಡೀರಿ.

ಒಂದು ಕದಕ್ಕೆ ಎರಡು ಪೈಪ್ ಸಾಕು:

ಮೊದಲ ಪೈಪಿನಲ್ಲಿ 2075, 2075, 1192.
ಎರಡನೇ ಪೈಪಿನಲ್ಲಿ 1192, ನಡು ಅಡ್ಡಪಟ್ಟಿ 1112, ಮತ್ತು ಎರಡು ಓರೆ ಪಟ್ಟಿ ತಲಾ ಸುಮಾರು 1480.

ಹೊರ ಚೌಕದ ನಾಲ್ಕೂ ಮೂಲೆ 45 ಡಿಗ್ರಿ ಕೊಯ್ದರೆ ಪೈಪಿನ ಬಾಯಿ ಮುಚ್ಚಿಕೊಳ್ಳುತ್ತೆ. ಇಲ್ಲದಿದ್ದರೆ ತೆರೆದ ಬಾಯಿಯಲ್ಲಿ ನೀರು ಇಳಿದು ಒಳಗಿಂದ ತುಕ್ಕು ಹಿಡಿಯುತ್ತೆ, ಕಣಜದ ಹುಳ ಗೂಡೂ ಕಟ್ಟುತ್ತೆ. ಓರೆ ಪಟ್ಟಿಯನ್ನು ಲೆಕ್ಕದ ಮೇಲೆ ಕೊಯ್ಯಬೇಡಿ. ಚೌಕ ಟ್ಯಾಕ್ ಆದ ಮೇಲೆ ಪೈಪನ್ನು ಮೇಲಿಟ್ಟು ಗೆರೆ ಎಳೆದು ಕೊಯ್ಯಿರಿ.

ಹಂತ 3: ಟ್ಯಾಕ್, ಕರ್ಣ, ಆಮೇಲೆ ವೆಲ್ಡ್

ಸಮತಟ್ಟಾದ ನೆಲ ಬೇಕು. ನಮ್ಮ ಕೊಬ್ಬರಿ ಒಣಗಿಸೋ ಸಿಮೆಂಟ್ ಕಣದ ಮೇಲೆ ನಾನು ಮಾಡಿದ್ದು. ಪೈಪುಗಳ ಕೆಳಗೆ ಒಂದೇ ದಪ್ಪದ ತುಂಡು ಕೊಟ್ಟು, ಮೂಲೆಮಟ್ಟ ಹಿಡಿದು ನಾಲ್ಕೂ ಮೂಲೆ ಬರೀ ಟ್ಯಾಕ್ ಮಾಡಿ. ಈಗ ಕರ್ಣ ಅಳೆಯಿರಿ. ಎರಡೂ 2393 ಬರಬೇಕು. ಟ್ಯಾಕ್ ಮಾತ್ರ ಇದ್ದಾಗ ಕೈಯಲ್ಲಿ ಒತ್ತಿದರೆ ಸರಿಹೋಗುತ್ತೆ. ಪೂರ್ತಿ ವೆಲ್ಡ್ ಆದ ಮೇಲೆ ಸುತ್ತಿಗೆಯಲ್ಲಿ ಹೊಡೆದರೂ ಬರಲ್ಲ.

ವೆಲ್ಡ್ ತಣ್ಣಗಾಗುವಾಗ ಕಬ್ಬಿಣ ಕುಗ್ಗುತ್ತೆ, ತನ್ನ ಕಡೆ ಎಳೆಯುತ್ತೆ. ಒಂದೇ ಮೂಲೆ ಪೂರ್ತಿ ಮುಗಿಸಿ ಪಕ್ಕದ ಮೂಲೆಗೆ ಹೋದರೆ ಕದ ಹಪ್ಪಳದ ಹಾಗೆ ತಿರುಚುತ್ತೆ. ಎದುರು ಬದುರು ಮೂಲೆ ಮಾಡ್ತಾ ಹೋಗಿ, ಆಗಾಗ ಟೇಪು ಹಿಡೀರಿ. 2 ಮಿ.ಮೀ. ಪೈಪಿಗೆ 2.5 ರಾಡು, 60ರಿಂದ 80 ಆಂಪಿಯರ್ ಸಾಕು. ತೂತು ಬೀಳ್ತಿದ್ದರೆ ಕಮ್ಮಿ ಮಾಡಿ, ರಾಡು ಅಂಟಿಕೊಳ್ತಿದ್ದರೆ ಸ್ವಲ್ಪ ಏರಿಸಿ. ಮೊದಲು ಅದೇ ಪೈಪಿನ ತುಂಡುಗಳ ಮೇಲೆ ಹತ್ತು ರಾಡು ಕರಗಿಸಿ ಕೈ ಕೂರಿಸಿಕೊಳ್ಳಿ.

ಓರೆ ಪಟ್ಟಿ ಯಾವ ಕಡೆಗೆ?

ತುಂಬಾ ಬಾಗಿಲುಗಳಲ್ಲಿ ಇದನ್ನು ಅಂದಕ್ಕೆ ಹಾಕಿರ್ತಾರೆ. ಇದು ಅಂದಕ್ಕಲ್ಲ. ಓರೆ ಪಟ್ಟಿ ಕೆಳಗೆ ಹಿಂಜಸ್ ಕಡೆಯಿಂದ ಶುರುವಾಗಿ ಮೇಲೆ ಬೀಗದ ಕಡೆಗೆ ಹೋಗಬೇಕು. ಆಗ ಜೋತು ಬೀಳೋಕೆ ಹೊರಟ ತುದಿಯ ಭಾರವನ್ನು ಪಟ್ಟಿ ಕೆಳಗಿನ ಹಿಂಜಸ್ ಕಡೆಗೆ ಒತ್ತಿ ಇಳಿಸುತ್ತೆ. ಒತ್ತಡದಲ್ಲಿ ಕೀಲು ಬಿಗಿಯಾಗುತ್ತೆ. ತಿರುಗಾ ಹಾಕಿದರೆ ಪ್ರತಿ ವೆಲ್ಡ್ ಎಳೆತದಲ್ಲಿ ನೇತಾಡುತ್ತೆ, ವೆಲ್ಡ್ ಚೂರು ಕಚ್ಚಿರದಿದ್ದರೂ ಬಿಡುತ್ತೆ.

ನೆನಪಿಡೋಕೆ ಸುಲಭ ಗುರುತು: ಎರಡೂ ಕದ ಮುಚ್ಚಿದಾಗ ಓರೆ ಪಟ್ಟಿಗಳು ಹೆಂಚಿನ ಮನೆಯ ಮಾಡಿನ ಹಾಗೆ, ನಡುವೆ ಮೇಲಕ್ಕೆ ಏರಿರಬೇಕು. ತೊಟ್ಟಿಲ ಹಾಗೆ ನಡುವೆ ತಗ್ಗಿದ್ದರೆ ತಪ್ಪು.

ಹಂತ 4: ತಗಡು

ತಗಡು ಕೂರೋ ಪೈಪಿನ ಮುಖಕ್ಕೆ, ವೆಲ್ಡ್ ಬೀಳೋ ಜಾಗ ಬಿಟ್ಟು, ಮೊದಲೇ ಪ್ರೈಮರ್ ಹೊಡೀರಿ. ಆಮೇಲೆ ಅಲ್ಲಿಗೆ ಬ್ರಷ್ ಹೋಗಲ್ಲ, ತುಕ್ಕು ಮಾತ್ರ ಹೋಗುತ್ತೆ. ಪ್ರೈಮರ್ ಚೆನ್ನಾಗಿ ಒಣಗಲಿ.

ತಗಡಿಗೆ ಉದ್ದಕ್ಕೂ ವೆಲ್ಡ್ ಎಳೆಯಬೇಡಿ, ಅಲೆ ಅಲೆಯಾಗಿ ಉಬ್ಬುತ್ತೆ. 20–25 ಮಿ.ಮೀ. ಹೊಲಿಗೆ, ಆಮೇಲೆ ಒಂದು ಗೇಣು ಜಾಗ ಬಿಟ್ಟು ಇನ್ನೊಂದು ಹೊಲಿಗೆ. ಒಂದು ಮೇಲೆ ಹಾಕಿದರೆ ಮುಂದಿನದು ಕೆಳಗೆ, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಬಿಸಿ ಒಂದೇ ಕಡೆ ಕೂರಬಾರದು. ಕೆಳಗಿನ ಪೈಪಿನ ತಳದಲ್ಲಿ 6 ಮಿ.ಮೀ. ತೂತು ಎರಡು ಹಾಕಿ. ಒಳಗೆ ಹೇಗೋ ಸೇರಿದ ನೀರು ಇಳಿದು ಹೋಗಲಿ.

ಹಂತ 5: ನೇತುಹಾಕೋದು

ಇಬ್ಬರು ಬೇಕು, ಒಬ್ಬರೇ ಸಾಹಸ ಮಾಡಬೇಡಿ. ಕದದ ಕೆಳಗೆ 20 ಮಿ.ಮೀ. ಮರದ ತುಂಡು ಕೊಟ್ಟು ನಿಲ್ಲಿಸಿ. ಬೀಗದ ಕಡೆಯ ತುದಿಯನ್ನು ಮಾತ್ರ 2–3 ಮಿ.ಮೀ. ಜಾಸ್ತಿ ಎತ್ತಿಡಿ. ಭಾರ ಬಿದ್ದಾಗ ಅಷ್ಟು ಇಳಿದು ಸಮ ಆಗುತ್ತೆ.

ಹಿಂಜಸ್: ಮೇಲಿನಿಂದ 175ಕ್ಕೆ ಒಂದು, ಕೆಳಗಿನಿಂದ 200ಕ್ಕೆ ಒಂದು. ನಡುವೆ 1700 ಉಳಿಯುತ್ತೆ. ಮೂರನೆಯದನ್ನು ನಡುವಿಗಿಂತ ಸ್ವಲ್ಪ ಮೇಲೆ ಹಾಕಿ. ಮೂರೂ ಒಂದೇ ದಾರದ ಗೆರೆಯಲ್ಲಿರಬೇಕು. ಒಂದು ಆಚೆ ಈಚೆ ಆದರೂ ಬಾಗಿಲು ತೆರೆಯುವಾಗ ಕಿರ್ ಅನ್ನುತ್ತೆ, ಆಮೇಲೆ ಬಿಡುತ್ತೆ. ಮೊದಲು ಟ್ಯಾಕ್ ಮಾಡಿ, ನಿಧಾನಕ್ಕೆ ತೆರೆದು ಮುಚ್ಚಿ ನೋಡಿ, ಸರಿ ಅನ್ನಿಸಿದ ಮೇಲೆ ಪೂರ್ತಿ ವೆಲ್ಡ್ ಮಾಡಿ.

ವೆಲ್ಡಿಂಗ್ ಮಷೀನಿನ ಅರ್ತ್ ಕ್ಲಿಪ್ಪನ್ನು ನೀವು ವೆಲ್ಡ್ ಮಾಡ್ತಿರೋ ಭಾಗಕ್ಕೇ ಕಚ್ಚಿಸಿ. ಕದದಲ್ಲಿ ಕೆಲಸ, ಕ್ಲಿಪ್ಪು ಚೌಕಟ್ಟಿನಲ್ಲಿ ಅಂತಾದರೆ ಕರೆಂಟು ಹಿಂಜಸ್ ಮೂಲಕವೇ ಹಾದು ಒಳಗಿನ ಪಿನ್ನು ಸುಟ್ಟು ಕಚ್ಚಿಕೊಳ್ಳಬಹುದು.

ಕಳ್ಳನ ಕಣ್ಣಲ್ಲಿ ಒಮ್ಮೆ ನೋಡಿ

ಕೆಲಸ ಮುಗಿದ ಮೇಲೆ ಬೀಗ ಹಾಕಿ, ಹೊರಗೆ ನಿಂತು "ನಾನಾಗಿದ್ದರೆ ಹೆಂಗೆ ಒಳಗೆ ಹೋಗ್ತಿದ್ದೆ?" ಅಂತ ಕೇಳಿಕೊಳ್ಳಿ.

ಬುಲೆಟ್ ಹಿಂಜಸ್ ಕದವನ್ನು ಮೇಲಕ್ಕೆ ಎತ್ತಿದರೆ ಕಳಚುತ್ತೆ. ನಾವು ಮೇಲೆ ಬಿಟ್ಟಿರೋದು 5 ಮಿ.ಮೀ. ಮಾತ್ರ, ಪಿನ್ನು ಅದಕ್ಕಿಂತ ಉದ್ದ. ಹಾಗಾಗಿ ಮುಚ್ಚಿದಾಗ ಎತ್ತೋಕಾಗಲ್ಲ. ಈ 5ನ್ನು 25 ಮಾಡಿದರೆ ಬೀಗ ದಂಡ.

ಒಂದು ಕದಕ್ಕೆ ಒಳಗಿಂದ ಮೇಲೆ ಕೆಳಗೆ ಟವರ್ ಬೋಲ್ಟ್. ಕೆಳಗಿನದು ಕಾಂಕ್ರೀಟಿನಲ್ಲಿ ಹೂತ ಪೈಪಿನ ತುಂಡಿಗೆ ಇಳಿಯಲಿ. ಇನ್ನೊಂದು ಕದದ ಹೊರಗೆ ಆ 50×5 ಪಟ್ಟಿ, ನಡುವಿನ ಸಂದು ಮುಚ್ಚೋ ಹಾಗೆ. ಹಾರೆ ತುದಿ ತೂರಿಸೋಕೆ ಜಾಗ ಸಿಗಬಾರದು. ಆಲ್‌ಡ್ರಾಪಿನ ನಟ್ಟು ಬೋಲ್ಟು ಹೊರಗೆ ಕಾಣ್ತಿದ್ದರೆ ಸ್ಪ್ಯಾನರ್ ಇದ್ದವನಿಗೆ ಎರಡು ನಿಮಿಷದ ಕೆಲಸ. ತಲೆಗೆ ಒಂದು ಚುಕ್ಕೆ ವೆಲ್ಡ್ ಹಾಕಿಬಿಡಿ.

ಪೇಂಟ್

ವೆಲ್ಡ್ ಮೇಲಿನ ಚಿಪ್ಪು ತಟ್ಟಿ ತೆಗೆದು, ವೈರ್ ಬ್ರಷ್ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಎಣ್ಣೆ ಒರೆಸಿ. ಎರಡು ಸಲ ರೆಡ್ ಆಕ್ಸೈಡ್, ಎರಡು ಸಲ ಎನಾಮೆಲ್. ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲಿ. ಇಬ್ಬನಿ ಬೀಳೋ ಹೊತ್ತಲ್ಲಿ ಹೊಡೀಬೇಡಿ. ನಮ್ಮಂಥ ಸಾವಯವದವರಿಗೆ ಇನ್ನೊಂದು ಮಾತು: ಜೀವಾಮೃತದ ಡ್ರಮ್ಮು, ಗಂಜಲದ ಕ್ಯಾನು ಬಾಗಿಲ ಪಕ್ಕ ಇಡಬೇಡಿ. ಗಂಜಲ ಎರಚಿದ ಕಡೆ ಮೊದಲು ತುಕ್ಕು ಬರುತ್ತೆ. ಬಿದ್ದರೆ ಅವತ್ತೇ ನೀರು ಹಾಕಿ ತೊಳೆಯಿರಿ.

ಇಷ್ಟು ಮಾತ್ರ ದಯವಿಟ್ಟು ಹಗುರ ಮಾಡ್ಕೋಬೇಡಿ

ತಗಡಿನ ದುಡ್ಡು ಉಳಿಯುತ್ತೆ ಅಂತ ಹಳೆ ಡೀಸೆಲ್, ಪೆಟ್ರೋಲ್, ಔಷಧಿ ಡ್ರಮ್ಮು ಕೊಯ್ಯಬೇಡಿ. ಖಾಲಿ ಕಂಡರೂ ಒಳಗೆ ಆವಿ ಇರುತ್ತೆ. ಕಿಡಿ ತಾಗಿದರೆ ಬಾಂಬಿನ ಹಾಗೆ ಸಿಡಿಯುತ್ತೆ.

ಹಳೆ ಜಿಐ ಪೈಪ್ ವೆಲ್ಡ್ ಮಾಡಿದರೆ ಬರೋ ಬಿಳಿ ಹೊಗೆ ಸತುವಿನದು. ಕುಡಿದರೆ ಸಂಜೆ ಹೊತ್ತಿಗೆ ಚಳಿ ಜ್ವರ ಹಿಡಿಸುತ್ತೆ. ಹೊಸ ಕಪ್ಪು ಪೈಪೇ ತಗೊಳ್ಳಿ.

ಕಪ್ಪು ಗಾಜಿನ ಹೆಲ್ಮೆಟ್ ಇಲ್ಲದೆ "ಒಂದೇ ಟ್ಯಾಕ್ ಅಲ್ವಾ" ಅಂತ ನೋಡಬೇಡಿ. ಆಗ ಏನೂ ಆಗಲ್ಲ. ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತೆ. ಹಾಗಾದರೆ ಎದೆಹಾಲು, ಆಲೂಗಡ್ಡೆ ಅಂತ ಹಾಕದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪಕ್ಕದಲ್ಲಿ ನಿಂತು ನೋಡೋ ಮಕ್ಕಳನ್ನೂ ದೂರ ಕಳಿಸಿ.

ಗ್ರೈಂಡರ್ ಗಾರ್ಡ್ ತೆಗೀಬೇಡಿ. ಲುಂಗಿ, ನೈಲಾನ್ ಶರ್ಟು ಬೇಡ. ಹತ್ತಿ ಬಟ್ಟೆ, ಶೂ, ಕೈಗೆ ಚರ್ಮದ ಗ್ಲೌಸ್ ಹಾಕಿ. ಪಂಪ್‌ಸೆಟ್ ಲೈನಿಂದ ಕೊಕ್ಕೆ ಹಾಕಿ ಮಷೀನ್ ಓಡಿಸಬೇಡಿ. ಒದ್ದೆ ನೆಲದಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಸುತ್ತ ಇರೋ ಒಣ ತೆಂಗಿನ ಗರಿ, ಹುಲ್ಲು ತೆಗೆದು, ಒಂದು ಬಕೆಟ್ ಮರಳು ಹತ್ತಿರ ಇಟ್ಕೊಳ್ಳಿ. ಕೆಲಸ ಮುಗಿಸಿ ಅರ್ಧ ಗಂಟೆ ಅಲ್ಲೇ ಇದ್ದು, ಎಲ್ಲೂ ಕಿಡಿ ಉಳಿದಿಲ್ಲ ಅಂತ ನೋಡಿ ಹೊರಡಿ.

ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ

1. ಚೌಕಟ್ಟಿನ ಎರಡೂ ಕರ್ಣ ಸಮ, ಕಾಂಕ್ರೀಟಿಗೆ ಒಂದು ವಾರ ನೀರು.
2. ಕದದ ಎರಡೂ ಕರ್ಣ ಸಮ, ಟ್ಯಾಕ್ ಆದಾಗಲೇ ನೋಡಬೇಕು.
3. ಓರೆ ಪಟ್ಟಿ ಮಾಡಿನ ಹಾಗೆ, ತೊಟ್ಟಿಲ ಹಾಗಲ್ಲ.
4. ಹಿಂಜಸ್ ದೂರ ದೂರ, ಒಂದೇ ಗೆರೆಯಲ್ಲಿ.
5. ಮೇಲೆ 5 ಮಿ.ಮೀ., ಕೆಳಗೆ 20 ಮಿ.ಮೀ.
6. ತಗಡಿಗೆ ಹೊಲಿಗೆ ವೆಲ್ಡ್, ತಳದಲ್ಲಿ ನೀರಿಳಿಯೋ ತೂತು.
7. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹಿಂಜಸ್‌ಗೆ ಗ್ರೀಸ್, ಪೇಂಟ್ ಎದ್ದ ಕಡೆ ಪ್ರೈಮರ್.

ವೆಲ್ಡಿಂಗ್ ಶಾಪಿಗೆ ಕೊಡೋರು ಈ ಪಟ್ಟಿ ಹಿಡ್ಕೊಂಡು ಹೋಗಿ. ದುಡ್ಡು ಕೊಡೋಕೆ ಮುಂಚೆ ಟೇಪು ಹಿಡಿದು ಕರ್ಣ ಅಳೆಯಿರಿ. ಒಳ್ಳೆ ಕೆಲಸಗಾರ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಹೊಸ ಬಾಗಿಲು ಕೂರಿಸಿದ ದಿನ ಅಪ್ಪ ಅಭ್ಯಾಸಬಲದಿಂದ ಹಾರೆ ಹಿಡ್ಕೊಂಡೇ ಬಂದಿದ್ದರು. ಕದ ತಳ್ಳಿದರು, ಚಿಲಕ ಎಳೆದರು, ಬೀಗ ಕ್ಲಿಕ್ ಅಂತು. ಹಾರೆಯನ್ನು ತಗೊಂಡು ಹೋಗಿ ಗುದ್ದಲಿ ಪಕ್ಕದಲ್ಲಿ ಅದರ ಜಾಗಕ್ಕೆ ಇಟ್ಟು ಬಂದರು. ಆಮೇಲೆ ಅದು ಬಾಗಿಲ ಹತ್ತಿರ ಬಂದಿಲ್ಲ.